ಹೂಳೆತ್ತುವ ಮೊದಲು ಹಡಗು ಓಡಿಸಿ

ಟೆಕ್ಸಾಸ್‌ನ ಹ್ಯೂಸ್ಟನ್ ಬಂದರಿನ ಕಾಲುವೆಯಲ್ಲಿ ಎದುರುಬದುರಾಗುವ ದೊಡ್ಡ ಹಡಗುಗಳು ಮೊದಲೇ ಪಕ್ಕಕ್ಕೆ ಸರಿದು ದಾರಿ ಬಿಡುವುದಿಲ್ಲ. ನಟ್ಟನಡುವೆಯೇ ಮೂತಿಗೆ ಮೂತಿ ಹಿಡಿದು ಬರುತ್ತವೆ. ಇನ್ನೇನು ಅರ್ಧ ಮೈಲಿ ಉಳಿಯಿತು ಎನ್ನುವಾಗ ಹಡಗುಗಳಿಗೆ ದಾರಿ ತೋರುವ ಇಬ್ಬರು ಪೈಲಟ್‌ಗಳೂ ಚುಕ್ಕಾಣಿಯನ್ನು ಬಲಕ್ಕೆ ತಿರುಗಿಸುತ್ತಾರೆ. ಮೂತಿಗಳ ಮುಂದೆ ಉಬ್ಬಿದ ನೀರೇ ಹಡಗುಗಳನ್ನು ಒಂದರಿಂದೊಂದು ದೂಡುತ್ತದೆ. ಹಾದುಹೋದ ಮೇಲೆ ಮತ್ತೆ ನಡುವಿಗೆ ಬರುತ್ತವೆ. ಅಲ್ಲಿನವರು ಇದನ್ನು ‘ಟೆಕ್ಸಾಸ್ ಚಿಕನ್’ ಎನ್ನುತ್ತಾರೆ. ಹೆಸರು ಹುಡುಗಾಟದ್ದು, ಕಾರಣ ಮಾತ್ರ ಗಟ್ಟಿ. ಬೇಗನೆ ಅಂಚಿಗೆ ಸರಿದರೆ ದಡದ ಸೆಳೆತಕ್ಕೆ ಹಡಗಿನ ಹಿಂಭಾಗ ಸಿಕ್ಕಿ, ಮೂತಿ ಎದುರಿನ ಹಡಗಿನತ್ತ ತಿರುಗಿಬಿಡುತ್ತದೆ.

1914ರಲ್ಲಿ ತೆರೆದ ಈ ಕಾಲುವೆಯ ಉದ್ದ ಸುಮಾರು 84 ಕಿ.ಮೀ. 2005ರ ಹೊತ್ತಿಗೆ, ಅದು ಹಾದುಹೋಗುವ ಗಾಲ್ವೆಸ್ಟನ್ ಕೊಲ್ಲಿಯ ಭಾಗದಲ್ಲಿ ಅಗಲ 530 ಅಡಿ, ಆಳ 45 ಅಡಿ ಆಗಿತ್ತು. 2016ರಲ್ಲಿ ಪನಾಮಾ ಕಾಲುವೆಯಲ್ಲಿ ಹಡಗುಗಳನ್ನು ಏರಿಸಿ ಇಳಿಸುವ ಹೊಸ ಲಾಕ್‌ಗಳು ತೆರೆದವು. 49 ಮೀಟರ್ ಅಗಲದ ಹಡಗುಗಳಿಗೆ ದಾರಿಯಾಯಿತು. ಅಂಥವು ಎರಡು ಹ್ಯೂಸ್ಟನ್ ಕಾಲುವೆಯಲ್ಲಿ ಎದುರಾದರೆ ಎಷ್ಟು ಜಾಗ ಬೇಕು?

ಇಂಥ ಪ್ರಶ್ನೆಗಳಿಗೆ ಅಮೆರಿಕ ಸೇನೆಯ ಎಂಜಿನಿಯರ್ ದಳ ಮಿಸಿಸಿಪ್ಪಿ ನದಿಯ ದಂಡೆಯ ವಿಕ್ಸ್‌ಬರ್ಗ್‌ನ ತನ್ನ ಪ್ರಯೋಗಾಲಯದಲ್ಲಿ ಉತ್ತರ ಹುಡುಕುತ್ತದೆ. 1929ರಲ್ಲಿ ಪ್ರವಾಹದ ಅಧ್ಯಯನಕ್ಕೆಂದು ಹುಟ್ಟಿದ್ದು ಅದು. ಅಲ್ಲೀಗ ಒಂದು ಸಿಮ್ಯುಲೇಟರ್: ಹಡಗು ನಡೆಸುವ ಬ್ರಿಜ್‌ನಂಥ ಕೋಣೆ, ಸುತ್ತ ಕಾಲುವೆ ತೋರಿಸುವ ಪರದೆಗಳು, ಚುಕ್ಕಾಣಿ, ಎಂಜಿನ್ ಹಿಡಿಕೆ. ಓಡಿಸಲು ಆಯಾ ಬಂದರಿನ ಪೈಲಟ್‌ಗಳನ್ನೇ ಕರೆಸುತ್ತಾರೆ.

ನನಗೆ ಮೆಚ್ಚುಗೆಯಾಗುವುದು ಅಲ್ಲಿನ ಮೊದಲ ಹಂತ. ಹೊಸ ಕಾಲುವೆಯನ್ನು ಆಗಲೇ ತೋರಿಸುವುದಿಲ್ಲ. ಈಗಿರುವ ಕಾಲುವೆಯಲ್ಲೇ ಹಡಗು ಬಿಡುತ್ತಾರೆ. ‘ಈ ತಿರುವಿನಲ್ಲಿ ದಡ ಇಷ್ಟು ಸೆಳೆಯುವುದಿಲ್ಲ’ ಎಂದು ಪೈಲಟ್ ತಕರಾರು ಎತ್ತಿದರೆ ಲೆಕ್ಕ ತಿದ್ದುತ್ತಾರೆ. ಅವನು ತಲೆಯಾಡಿಸಿದ ಮೇಲೆಯೇ ಉದ್ದೇಶಿತ ಕಾಲುವೆ ಪರದೆಗೆ ಬರುವುದು. ಆಮೇಲೆ ಅಡ್ಡಗಾಳಿ, ಇಳಿತದ ಸೆಳೆತ, ಪೂರ್ತಿ ತುಂಬಿದ ಹಡಗು, ಖಾಲಿ ಹಡಗು. ಪ್ರತಿ ಓಟದ ಜಾಡನ್ನೂ ಒಂದರ ಮೇಲೊಂದು ಇಟ್ಟು ನೋಡಿದರೆ ಅಗಲ ಎಲ್ಲಿ ಸಾಲದು, ಎಲ್ಲಿ ಸುಮ್ಮನೆ ಅಗೆಯುತ್ತಿದ್ದೇವೆ ಎಂಬುದು ಕಾಣುತ್ತದೆ. ನೇರ ದಾರಿಯಲ್ಲಿ ಸಾಕೆನಿಸಿದ ಅಗಲ ತಿರುವಿನಲ್ಲಿ ಸಾಲದೆ ಹೋಗಬಹುದು. ಅಲ್ಲಿ ಹಡಗು ಓರೆಯಾಗಿ ಜಾರುತ್ತಾ ತನ್ನ ಮೈಗಿಂತ ಹೆಚ್ಚು ಜಾಗ ನುಂಗುತ್ತದೆ.

ಕೊರತೆಯೂ ಇದೆ. ಪರದೆಯ ದಡಕ್ಕೆ ಬಡಿದರೆ ಎಣ್ಣೆ ಸೋರುವುದಿಲ್ಲ, ಲೈಸೆನ್ಸ್ ಹೋಗುವುದಿಲ್ಲ. ಆ ಧೈರ್ಯದಲ್ಲಿ ಕೈ ಸ್ವಲ್ಪ ಸಡಿಲವಾದೀತು. ಆದ್ದರಿಂದ ಜಾಡಿನ ಜೊತೆಗೆ, ಓಟ ಎಷ್ಟು ಕಷ್ಟವಾಯಿತೆಂದು ಪೈಲಟ್ ಹೇಳುವುದನ್ನೂ ದಾಖಲಿಸುತ್ತಾರೆ.

ಹಾಗಿದ್ದರೆ ಸುರಕ್ಷತೆಗೆಂದು ಧಾರಾಳವಾಗಿ ಅಗೆದುಬಿಟ್ಟರಾಗದೆ? ಹೂಳೆತ್ತುವ ಖರ್ಚು ಒಂದು ಕಡೆಯಾದರೆ, ಇನ್ನೊಂದು ಕಡೆ ಗಾಲ್ವೆಸ್ಟನ್ ಕೊಲ್ಲಿಯ ತಳದಲ್ಲಿ ಸಿಂಪಿಗಳ ದಿಬ್ಬಗಳಿವೆ. 2020ರಲ್ಲಿ ಅಮೆರಿಕದ ಸಂಸತ್ತು ಒಪ್ಪಿದ ಯೋಜನೆ ಕೊಲ್ಲಿಯ ಭಾಗವನ್ನು 700 ಅಡಿಗೆ ಹಿಗ್ಗಿಸುತ್ತದೆ. 2022ರಲ್ಲಿ ಕೆಲಸ ಶುರುವಾಯಿತು. ಕಳೆದುಹೋಗುವ ಸಿಂಪಿ ದಿಬ್ಬಗಳಿಗೆ ಬದಲಿ ದಿಬ್ಬ ಕಟ್ಟುವುದೂ, ಎತ್ತಿದ ಹೂಳಿನಿಂದ ಹಕ್ಕಿಗಳಿಗೆ ದ್ವೀಪ ಮಾಡುವುದೂ ಅದೇ ಯೋಜನೆಯ ಬಾಬತ್ತು.