ಗಿಡದಲ್ಲಿಲ್ಲದ ಬಿ12 ಡಬ್ಬಿಯೊಳಗೆ ಬಂದದ್ದೆಲ್ಲಿಂದ?

‘ನೂರಕ್ಕೆ ನೂರು ಗಿಡಮೂಲಿಕೆ, ಬಿ12 ಕೊರತೆಗೆ ಪರಿಹಾರ’ ಎನ್ನುವ ಡಬ್ಬಿ ಕಂಡಾಗ ಎಂಜಿನಿಯರಿಂಗ್ ಓದಿದ ನನಗೆ ಏಳುವ ಪ್ರಶ್ನೆ ಒಂದೇ. ಬಾವೀಲಿದ್ರೆ ತಾನೇ ಬಿಂದಿಗೇಲಿ ಬರೋದು?

ಬಿ12 ತಯಾರಿಸುವುದು ಸೂಕ್ಷ್ಮಜೀವಿಗಳು, ಗಿಡಗಳಲ್ಲ. ನಮಗದು ಸಿಗುವುದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಿಂದ. ನೆಲ್ಲಿಕಾಯಲ್ಲಿ ವಿಟಮಿನ್ ಸಿ ಧಾರಾಳ, ನುಗ್ಗೆ ಸೊಪ್ಪಿನಲ್ಲಿ ಬೀಟಾ ಕ್ಯಾರೋಟಿನ್ ಇದೆ, ನಿಜ. ಆದರೆ ಬಿ12ಗೆ ಅವನ್ನು ನಂಬುವಂತಿಲ್ಲ. ಸ್ಪಿರುಲಿನಾದಲ್ಲಿರುವುದೂ ಬಹುಪಾಲು ನಮ್ಮ ದೇಹಕ್ಕೆ ಉಪಯೋಗಕ್ಕೆ ಬಾರದ ರೂಪ.

ಹಾಗಾಗಿ ಲೇಬಲ್ ತಿರುಗಿಸಿ ನೋಡಿ. ಸಯನೊಕೊಬಾಲಮಿನ್ ಅಥವಾ ಮೀಥೈಲ್‌ಕೊಬಾಲಮಿನ್ ಅಂತಿದ್ದರೆ ಕೊರತೆ ತುಂಬುವುದು ಅದೇ. ಮೂಲಿಕೆ ಹೆಸರಿಗಷ್ಟೇ. ಎರಡೂ ಇಲ್ಲದಿದ್ದರೆ ಹೋಗುವುದು ದುಡ್ಡು ಮಾತ್ರವಲ್ಲ, ಸಮಯವೂ. ಕೊರತೆ ಹಾಗೇ ಮುಂದುವರಿದರೆ ಕೈಕಾಲು ಜೋಮು ಹಿಡಿಯುತ್ತದೆ, ಮರೆವು ಬರುತ್ತದೆ. ನರಗಳಿಗಾದ ಹಾನಿ ಕೆಲವರಲ್ಲಿ ಪೂರ್ತಿ ಸರಿಹೋಗುವುದೇ ಇಲ್ಲ.

ಸುರಕ್ಷತೆಯ ಮಾತೂ ಇದೆ. ಆನ್‌ಲೈನ್‌ನಲ್ಲಿ ಕೊಂಡ 193 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದ, 2008ರಲ್ಲಿ ‘ಜಾಮಾ’ ಪತ್ರಿಕೆ ಪ್ರಕಟಿಸಿದ ಅಧ್ಯಯನದಲ್ಲಿ ಶೇ 20.7ರಷ್ಟರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು.

ಇನ್ನು ಕಾನೂನು. ಶಾಸ್ತ್ರಗ್ರಂಥದ ಸೂತ್ರದಂತೆಯೇ ಮಾಡಿದ ಔಷಧಕ್ಕೆ ಪರವಾನಗಿ ಕೊಡುವಾಗ ನಮ್ಮ ನಿಯಮಗಳು ಸಾಮಾನ್ಯವಾಗಿ ಹೊಸ ಸುರಕ್ಷತಾ ಅಧ್ಯಯನ ಕೇಳುವುದಿಲ್ಲ. ಗ್ರಂಥವೇ ಸಾಕ್ಷಿ. ಆದರೆ ಬಿ12 ಅನ್ನು ಬೇರ್ಪಡಿಸಿದ್ದೇ 1948ರಲ್ಲಿ! ಅದಕ್ಕೆ ಯಾವ ಪ್ರಾಚೀನ ಗ್ರಂಥ ಸಾಕ್ಷಿ ಹೇಳೀತು?

ಆಯುರ್ವೇದದ ಮೇಲೆ ಗೌರವ ಇರುವವರೇ ಮೊದಲು ಈ ಪ್ರಶ್ನೆ ಕೇಳಬೇಕು. ಸುಸ್ತು, ಜೋಮು ಇದ್ದರೆ ಡಬ್ಬಿ ಕೊಳ್ಳುವ ಮೊದಲು ರಕ್ತ ಪರೀಕ್ಷೆ ಮಾಡಿಸಿ, ವೈದ್ಯರನ್ನು ಕಾಣಿ.