ಮೊಂತಿ ಹಬ್ಬ

ಮೊಂತಿ ಹಬ್ಬವು ಕರಾವಳಿ ಕರ್ನಾಟಕದ ಕೊಂಕಣಿ ಕ್ಯಾಥೊಲಿಕ್ ಕ್ರೈಸ್ತರು ಸೆಪ್ಟೆಂಬರ್ 8ರಂದು ಆಚರಿಸುವ ಹಬ್ಬ. ಇದನ್ನು ತೆನೆ ಹಬ್ಬವೆಂದೂ ಕರೆಯುತ್ತಾರೆ. ಯೇಸುವಿನ ತಾಯಿ ಮರಿಯಮ್ಮನವರ ಜನ್ಮದಿನ ಹಾಗೂ ಹೊಸ ಬೆಳೆಯ ಸ್ವಾಗತ ಇದರಲ್ಲಿ ಒಂದುಗೂಡಿವೆ.

ಹಿನ್ನೆಲೆ

ಪೋರ್ಚುಗೀಸ್ ಭಾಷೆಯಲ್ಲಿ 'ಮೊಂತೆ' ಎಂದರೆ ಬೆಟ್ಟ. ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿಯಿಂದ ಹಬ್ಬಕ್ಕೆ ಈ ಹೆಸರು ಬಂದಿದೆ. 1763ರಲ್ಲಿ ಪಾದ್ರಿ ಜೋಕಿಂ ಮಿರಾಂಡ ಅವರು ಇದನ್ನು ಆರಂಭಿಸಿದರೆಂಬ ಪ್ರತೀತಿಯಿದೆ.

ಆಚರಣೆ

ಹಬ್ಬಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಮನೆಯಂಗಳ, ಗದ್ದೆಬದುಗಳ ಹೂಗಳನ್ನು ಆಯ್ದು ಮರಿಯಮ್ಮನವರಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಗುರುಗಳು ಭತ್ತದ ತೆನೆಗಳನ್ನು ಆಶೀರ್ವದಿಸಿ ಪ್ರತಿ ಕುಟುಂಬಕ್ಕೂ ಹಂಚುತ್ತಾರೆ. ಮನೆಯಲ್ಲಿ ತೆನೆಯ ಅಕ್ಕಿಯನ್ನು ಪುಡಿಮಾಡಿ, ಹಾಲು ಅಥವಾ ಪಾಯಸದಲ್ಲಿ ಬೆರೆಸಿ ಎಲ್ಲರೂ ಸೇವಿಸುತ್ತಾರೆ. ಅನಂತರ ಸಸ್ಯಾಹಾರದ ಸಹಭೋಜನ ನಡೆಯುತ್ತದೆ.

ಪರಿಸರ ಮತ್ತು ಅಧ್ಯಾತ್ಮ

ಪೋಪ್ ಫ್ರಾನ್ಸಿಸ್ ಅವರು 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಭೂಮಿಯನ್ನು ಎಲ್ಲರ ಮನೆಯೆಂದು ಕರೆದು, ಅದರ ರಕ್ಷಣೆಯನ್ನು ವಿಶ್ವಾಸದ ಭಾಗವೆಂದು ವಿವರಿಸಿದರು. ವಿವಿಧ ಕ್ರೈಸ್ತಸಭೆಗಳು ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರವರೆಗೆ ಆಚರಿಸುವ 'ಸೃಷ್ಟಿಯ ಕಾಲ'ದಲ್ಲಿಯೇ ಮೊಂತಿ ಹಬ್ಬವೂ ಬರುತ್ತದೆ. ಅನ್ನವು ದೇವರ ವರವೆಂಬ ಕೃತಜ್ಞತೆ ಹಬ್ಬದ ತಿರುಳು. ಗದ್ದೆಗಳು ಮರೆಯಾದ ನಗರಗಳಲ್ಲಿ ತೆನೆಯನ್ನು ಬೇರೆಡೆಯಿಂದ ತರಿಸಬೇಕಾಗುತ್ತದೆ. ಆದ್ದರಿಂದ ಹಬ್ಬದ ಉಳಿವು ಗದ್ದೆ, ನೀರು ಮತ್ತು ಬೇಸಾಯಗಾರರ ಉಳಿವನ್ನು ಅವಲಂಬಿಸಿದೆ.