ನಸುಗುನ್ನಿ: ಬೇಲಿಯ ತುರಿಕೆಬಳ್ಳಿ, ಕಂಪವಾತದ ಮದ್ದು

ಪುಷ್ಯ ಮಾಸದ ಒಣಗಾಳಿ ಬೀಸತೊಡಗಿದೊಡನೆ ಶನಿವಾರಸಂತೆಯ ನಮ್ಮ ಚಿಕಿತ್ಸಾಲಯಕ್ಕೆ ಮೈ ಕೆರೆದುಕೊಳ್ಳುತ್ತ ಬರುವವರ ಸಂಖ್ಯೆ ಹೆಚ್ಚುತ್ತದೆ. ಬಹುಪಾಲು ಕಾಫಿ ಹಣ್ಣು ಕೊಯ್ಯುವವರು. ಬೇಲಿಗೂ ನೆರಳಿನ ಮರಗಳಿಗೂ ಹಬ್ಬಿದ ನಸುಗುನ್ನಿಯ ಕಾಯಿ ಆ ಹೊತ್ತಿಗೆ ಬಲಿತು, ಅದರ ಹೊಂಬಣ್ಣದ ನವಿರು ಗಾಳಿಯಲ್ಲಿ ಹಾರಿ ಕುತ್ತಿಗೆಗೆ, ತೋಳಿಗೆ ಚುಚ್ಚಿಕೊಳ್ಳುತ್ತದೆ. ಉಜ್ಜಿದಷ್ಟೂ ನವಿರು ಮುರಿದು ಆಳಕ್ಕಿಳಿಯುತ್ತದೆ. ಆದ್ದರಿಂದ ಉಜ್ಜದೆ, ಅಂಟುಪಟ್ಟಿಯನ್ನು ಚರ್ಮಕ್ಕೆ ಒತ್ತಿ ಎತ್ತಿ ನವಿರನ್ನು ತೆಗೆದ ಮೇಲೆ ಸಾಬೂನಿನಿಂದ ತೊಳೆಯಬೇಕು. ತೊಟ್ಟ ಬಟ್ಟೆಯನ್ನು ಬೇರೆಯಾಗಿಯೇ ಒಗೆಯಬೇಕು. ಕಣ್ಣಿಗೆ ತಾಗಿದರೆ ಮನೆಮದ್ದಿನ ಯೋಚನೆ ಬೇಡ. ತಣ್ಣೀರಿನಿಂದ ತೊಳೆದು ವೈದ್ಯರಲ್ಲಿಗೆ ಹೋಗತಕ್ಕದ್ದು.

ಅವರೆ, ಹುರುಳಿಗಳ ಕುಲಕ್ಕೇ ಸೇರಿದ ಈ ಬಳ್ಳಿಗೆ ಸಂಸ್ಕೃತದಲ್ಲಿ ಕಪಿಕಚ್ಛು ಎಂದು ಹೆಸರು, ಮಂಗನಿಗೂ ತುರಿಕೆ ಹಿಡಿಸುವುದೆಂದು. ಆತ್ಮಗುಪ್ತಾ ಎಂಬ ಇನ್ನೊಂದು ಹೆಸರು ನಮಗೆ ಹೆಚ್ಚು ಪ್ರಿಯ: ತನ್ನನ್ನು ತಾನೇ ಕಾಪಾಡಿಕೊಳ್ಳುವಂಥದು. ಚರಕಸಂಹಿತೆಯ ಬಲ್ಯ ಗಣದಲ್ಲಿ ಬರುವ ಋಷಭಿ ಇದೇ ಎಂದು ವ್ಯಾಖ್ಯಾನಕಾರರು ಗುರುತಿಸಿದ್ದಾರೆ. ಬೀಜವು ಮಧುರ ಮತ್ತು ತಿಕ್ತ ರಸದ್ದು, ಗುರು, ಸ್ನಿಗ್ಧ, ಉಷ್ಣವೀರ್ಯ; ವಾತವನ್ನು ಶಮನಗೊಳಿಸಿ ಶುಕ್ರಧಾತುವನ್ನು ಪೋಷಿಸುವಂಥದು. ಸಂತಾನಹೀನ ಪುರುಷರಿಗೆ ದಿನಕ್ಕೆ 5 ಗ್ರಾಂ ಬೀಜಚೂರ್ಣವನ್ನು ಹಾಲಿನೊಡನೆ ಕೊಟ್ಟು ಲಖನೌದ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವೀರ್ಯದ ಗುಣಮಟ್ಟ ಸುಧಾರಿಸಿತ್ತು. ಹಿಂದೆ ಜಂತುಹುಳುವಿಗೆ ಕಾಯಿಯ ನವಿರನ್ನು ಬೆಲ್ಲದಲ್ಲಿಟ್ಟು ನುಂಗಿಸುತ್ತಿದ್ದರು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಜಂತುಹುಳುವಿನ ಮಾತ್ರೆ ದೊರೆಯುವ ಈ ಕಾಲದಲ್ಲಿ ಆ ಸಾಹಸ ಸಲ್ಲದು.

ಆದರೆ ಈ ಬೀಜದ ನಿಜವಾದ ಹಿರಿಮೆ ಕಂಪವಾತದಲ್ಲಿದೆ. ವೀರಶೈವ ವೈದ್ಯ ಬಸವರಾಜರ ‘ಬಸವರಾಜೀಯಂ’ ಗ್ರಂಥದಲ್ಲಿ (ಇವರು ಕಲ್ಯಾಣದ ಬಸವಣ್ಣನವರಲ್ಲ, ಆಂಧ್ರದ ಬೇರೊಬ್ಬರು) ಕೈಕಾಲುಗಳ ನಡುಕ, ನಿದ್ರಾಭಂಗ, ಬುದ್ಧಿಯ ಕ್ಷೀಣತೆಗಳು ಈ ರೋಗದ ಲಕ್ಷಣಗಳೆಂದು ಹೇಳಲಾಗಿದೆ. ಇಂಗ್ಲೆಂಡಿನ ಜೇಮ್ಸ್ ಪಾರ್ಕಿನ್ಸನ್ ನಡುಕರೋಗದ ಕುರಿತು ಪ್ರಬಂಧ ಬರೆದದ್ದು 1817ರಲ್ಲಿ. ಮಿದುಳಿನಲ್ಲಿ ಡೋಪಮೈನ್ ಎಂಬ ದ್ರವ್ಯವನ್ನು ತಯಾರಿಸುವ ಕೋಶಗಳು ಸವೆಯುವುದೇ ಅದಕ್ಕೆ ಕಾರಣ. ಡೋಪಮೈನನ್ನು ನೇರವಾಗಿ ಕೊಟ್ಟರೆ ರಕ್ತದಿಂದ ಮಿದುಳಿಗೆ ದಾಟದು. ಅದರ ಪೂರ್ವರೂಪವಾದ ಲೆವೊಡೋಪ ದಾಟುತ್ತದೆ. ನಸುಗುನ್ನಿಯ ಬೀಜದಿಂದ ಲೆವೊಡೋಪವನ್ನು 1937ರಲ್ಲಿ ಬೇರ್ಪಡಿಸಿದವರು ನಮ್ಮ ದೇಶದವರೇ, ದಾಮೋದರನ್ ಮತ್ತು ರಾಮಸ್ವಾಮಿ. 2004ರಲ್ಲಿ ಪ್ರಕಟವಾದ ಲಂಡನ್ನಿನ ಪರೀಕ್ಷೆಯೊಂದರಲ್ಲಿ 30 ಗ್ರಾಂ ಬೀಜಚೂರ್ಣವು ಮಾತ್ರೆಗಿಂತ ಬೇಗ ಕೆಲಸ ಆರಂಭಿಸಿ ಹೆಚ್ಚು ಹೊತ್ತು ಉಳಿಯಿತು. ಹಾಗೆಂದು ಹಿಗ್ಗುವಂತಿಲ್ಲ. ಅಲ್ಲಿದ್ದ ರೋಗಿಗಳು 8 ಜನ ಮಾತ್ರ. ನಾವು ಕೊಡುವ ಮಾತ್ರೆ 3ರಿಂದ 6 ಗ್ರಾಂ. ಆ ಅಳತೆಯ ಚೂರ್ಣವನ್ನು ನೆಚ್ಚಿ ಗುಳಿಗೆಯನ್ನು ಬಿಟ್ಟವರ ಗತಿ ಏನಾಗುವುದೆಂದು ಇದರಿಂದಲೇ ಊಹಿಸಬಹುದು.

ಎರಡನ್ನೂ ಕೂಡಿಸಿ ಸೇವಿಸುವುದು ಇನ್ನೂ ಅಪಾಯ. ಮಠದ ಹಿರಿಯ ಭಕ್ತರೊಬ್ಬರು ನಮ್ಮಲ್ಲಿಗೆ ಬಂದಿದ್ದರು. ಪೂಜೆಗೆ ಕುಳಿತರೆ ಎಡ ಅಂಗೈ ನಡುಗಿ, ಇಷ್ಟಲಿಂಗ ಎಲ್ಲಿ ಜಾರೀತೋ ಎಂಬ ಭಯ ಅವರನ್ನು ಕಾಡುತ್ತಿತ್ತು. ನರರೋಗ ತಜ್ಞರ ಗುಳಿಗೆ ನಡೆಯುತ್ತಿದ್ದರೂ, ಯಾರೋ ಹೇಳಿದರೆಂದು ಸಂತೆಯಿಂದ ತಂದ ಚೂರ್ಣವನ್ನು ದಿನಕ್ಕೆ ಎರಡು ಚಮಚದಂತೆ ಸೇವಿಸತೊಡಗಿದರು. ನಡುಕ ತಗ್ಗಿತು, ಆದರೆ ಕತ್ತು ತಾನಾಗಿ ಹೊರಳತೊಡಗಿತು, ರಾತ್ರಿ ಕೋಣೆಯಲ್ಲಿ ಇಲ್ಲದವರು ಕಾಣತೊಡಗಿದರು. ಔಷಧ ದುಪ್ಪಟ್ಟಾದುದರ ಲಕ್ಷಣಗಳಿವು. ಚೂರ್ಣವನ್ನು ನಿಲ್ಲಿಸಿ, ಗುಳಿಗೆಯನ್ನು ಮುಂದುವರಿಸಿ, ಅಂದೇ ಅವರ ತಜ್ಞರಲ್ಲಿಗೆ ಕಳುಹಿಸಿದೆವು. ಗುಳಿಗೆಯನ್ನು ಥಟ್ಟನೆ ಬಿಟ್ಟಿದ್ದರೆ ಮೈ ಸೆಟೆದು, ಜ್ವರವೇರಿ ಪ್ರಾಣಕ್ಕೇ ಎರವಾಗುವ ಸಂಭವವಿತ್ತು. ಈಗ ಅವರು ತೊಡೆಯ ಮೇಲೆ ದಿಂಬಿಟ್ಟು, ಅದರ ಮೇಲೆ ಮೊಣಕೈ ಊರಿ, ಗುಳಿಗೆ ನುಂಗಿ ಮುಕ್ಕಾಲು ಗಂಟೆಯಾದ ಮೇಲೆ ಪೂಜೆಗೆ ಕೂಡುತ್ತಾರೆ. ಕೈ ನಡುಗುವ ಇತರ ಭಕ್ತರೂ ಇದನ್ನು ಅನುಸರಿಸಬಹುದು.

ಬೀಜವನ್ನು ಕಾಳಿನಂತೆ ಬೇಯಿಸಿ ತಿನ್ನುವವರಿಗೂ ಒಂದು ಎಚ್ಚರಿಕೆ. 1989ರಲ್ಲಿ ಆಫ್ರಿಕಾದ ಮೊಜಾಂಬಿಕ್‌ನಲ್ಲಿ ಬರ ಬಿದ್ದಾಗ ನೀರಿಲ್ಲದೆ ಜನರು ಬೇಯಿಸಿದ ಕಟ್ಟನ್ನು ಚೆಲ್ಲದೆ ಉಂಡರು. 200ಕ್ಕೂ ಹೆಚ್ಚು ಮಂದಿಗೆ ಚಿತ್ತಭ್ರಮೆಯಾಯಿತು.

ನಮ್ಮ ಹಿರಿಯರು ಶೋಧನೆಯಿಲ್ಲದೆ ಇದನ್ನು ಬಳಸಲಿಲ್ಲ. ಬೀಜಗಳನ್ನು ಬಟ್ಟೆಯಲ್ಲಿ ಗಂಟುಕಟ್ಟಿ, ಹಸುವಿನ ಹಾಲು ತುಂಬಿದ ಪಾತ್ರೆಯಲ್ಲಿ ತಳ ಮುಟ್ಟದಂತೆ ತೂಗುಬಿಟ್ಟು, ಮಂದಾಗ್ನಿಯಲ್ಲಿ ಒಂದು ಯಾಮ, ಎಂದರೆ ಸುಮಾರು 3 ಗಂಟೆ, ಬೇಯಿಸುವುದು. ಸಿಪ್ಪೆ ಸಡಿಲವಾದಾಗ ಸುಲಿದು, ನೆರಳಿನಲ್ಲಿ ಒಣಗಿಸಿ ಪುಡಿಮಾಡಬೇಕು. ಆ ಹಾಲನ್ನು ಚೆಲ್ಲಬೇಕು. ಮನುಷ್ಯರಿಗೂ ಬೇಡ, ಬೆಕ್ಕಿಗೂ ಬೇಡ.

ಗರ್ಭಿಣಿಯರು, ಮೊಲೆಯುಣಿಸುವ ತಾಯಂದಿರು, ಮಕ್ಕಳು, ಮಾನಸಿಕ ಕಾಯಿಲೆಗೆ ಔಷಧ ಸೇವಿಸುತ್ತಿರುವವರು ಇದನ್ನು ಮುಟ್ಟಬಾರದು. ಉಳಿದವರೂ ವೈದ್ಯರನ್ನು ಕಂಡೇ ಆರಂಭಿಸತಕ್ಕದ್ದು. ಬರುವಾಗ ಈಗ ಸೇವಿಸುತ್ತಿರುವ ಎಲ್ಲ ಗುಳಿಗೆಗಳ ಚೀಟಿಯನ್ನು, ಸಂತೆಯಲ್ಲಿ ಕೊಂಡ ಪುಡಿಯ ಪೊಟ್ಟಣವನ್ನೂ ಸೇರಿಸಿ, ಮರೆಯದೆ ತನ್ನಿರಿ.